ಬಿಚ್ಚಲು ಬರುವ ಮನೆ

2013ರ ಭೂಸ್ವಾಧೀನ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ ಒಂದು ಕಲಮು ಇದೆ. ಯೋಜನೆಯೊಂದಕ್ಕಾಗಿ ನೆಲೆ ಕಳೆದುಕೊಂಡ ಪ್ರತಿ ಕುಟುಂಬಕ್ಕೂ ಸಾಗಾಟದ ಖರ್ಚಿಗೆಂದು ಒಂದು ಸಲ 50,000 ರೂಪಾಯಿ ಕೊಡಬೇಕು ಎಂಬುದು ಅದರ ತಾತ್ಪರ್ಯ. ಏನೇನು ಸಾಗಿಸಲು ಎಂಬುದನ್ನೂ ಅದು ಎಣಿಸುತ್ತದೆ: ಕುಟುಂಬ, ಕಟ್ಟಡದ ಸಾಮಗ್ರಿ, ಸಾಮಾನು ಸರಂಜಾಮು, ದನಕರು. ಕಾನೂನಿನ ಮಾತು ಮನಸ್ಸಿಗೆ ತಾಗುವುದು ಅಪರೂಪ, ಈ ಪಟ್ಟಿ ಮಾತ್ರ ತಾಗುತ್ತದೆ. ಊರು ಬಿಡುವ ಮನುಷ್ಯ ತನ್ನ ಮನೆಯನ್ನೇ ಬಿಚ್ಚಿಕೊಂಡು ಹೊರಡುತ್ತಾನೆ, ಹೆಂಡಿರು ಮಕ್ಕಳಾದ ಮೇಲೆ ತೊಲೆ ಕಂಬಗಳ ಸರದಿ ಬರುತ್ತದೆ ಎಂಬುದು ದಿಲ್ಲಿಯಲ್ಲಿ ಕುಳಿತು ಕರಡು ಬರೆದವರಿಗೂ ಗೊತ್ತಿತ್ತು.

ಹುಕ್ಕೇರಿ ಸೀಮೆಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಘಟಪ್ರಭೆಗೆ 1897ರಲ್ಲೇ ಗೋಕಾಕದ ಧುಪದಾಳದಲ್ಲಿ ಒಡ್ಡು ಬಿದ್ದಿತ್ತು. ಸ್ವಾತಂತ್ರ್ಯದ ನಂತರ ಹಿಡಕಲ್‌ನಲ್ಲಿ ಅಣೆಕಟ್ಟು ಏಳತೊಡಗಿತು, ಹಂತಹಂತವಾಗಿ ಎತ್ತರವಾಯಿತು. ಇಂದು ಅದು ರಾಜಾ ಲಖಮಗೌಡ ಜಲಾಶಯ, 51 ಟಿಎಂಸಿ ನೀರಿನ ಊರು. ಅದರ ತಳದಲ್ಲಿ ಮನುಷ್ಯರ ಊರುಗಳಿವೆ. ಬೇಸಿಗೆಯಲ್ಲಿ ನೀರು ಬಹಳ ಇಳಿದ ವರ್ಷ ಹುನ್ನೂರಿನ ವಿಠ್ಠಲ ಮಂದಿರ ಮೈದೋರುತ್ತದೆ, ನೋಡಲು ಜನ ಹೋಗುತ್ತಾರೆ, ಪತ್ರಿಕೆಗಳಲ್ಲಿ ಚಿತ್ರ ಬರುತ್ತದೆ. ಗುಡಿ ಕಲ್ಲಿನದು, ನಿಂತಿದೆ. ಸುತ್ತಲಿನ ಮನೆಗಳು ಕಾಣುವುದಿಲ್ಲ. ನೀರು ಬರುವ ಮೊದಲೇ ಮನೆ ಬಿಚ್ಚಿ, ಕದ, ಚೌಕಟ್ಟು, ತೊಲೆ, ಜಂತಿಗಳನ್ನು ಚಕ್ಕಡಿಗೆ ಹೇರಿಕೊಂಡು ದಿಬ್ಬ ಏರುವುದು ಮುಳುಗಡೆಯ ಊರುಗಳಲ್ಲಿ ಎಲ್ಲೆಲ್ಲೂ ಇದ್ದ ರೂಢಿ. ಉಳಿದ ಗೋಡೆಯ ಮಣ್ಣು ನೀರಲ್ಲಿ ಕರಗಿ ಮಣ್ಣಾಯಿತು. ಮುಂದೆ ಆಲಮಟ್ಟಿಯ ಹಿನ್ನೀರಿಗೆ ಬಾಗಲಕೋಟೆಯ ಓಣಿಗಳು ಹೋದಾಗಲೂ ಅಲ್ಲಿನ ಮಂದಿ ಬಾಗಿಲು ಕಂಬಗಳನ್ನು ಕಿತ್ತುಕೊಂಡು ನವನಗರದ ಕಡೆ ನಡೆದರು. ಮುಳುಗಡೆಯವರು ಕಟ್ಟಿಕೊಂಡ ಹೊಸ ಊರಲ್ಲಿ ಊರಿಗಿಂತ ವಯಸ್ಸಾದ ಹೊಸ್ತಿಲು ಸಿಕ್ಕರೆ ಬೆರಗಾಗಬೇಕಾಗಿಲ್ಲ.

ಈಗ ಮನೆ ರಿಪೇರಿ ಮಾಡಿಸುವವರ ನಡುವೆ ಹಳೆ ಸಾಮಾನಿನ ಹುಡುಕಾಟ ಹೆಚ್ಚಿದೆ. ಹೊಸ ಸಾಗವಾನಿಯ ದರ ಕೇಳಿ ಹಿಂದೆ ಸರಿದವರಿದ್ದಾರೆ, ಪರಿಸರದ ಕಾಳಜಿಯಿಂದ ಬಂದವರಿದ್ದಾರೆ, ಬೆಳಗಾವಿ ಬೆಂಗಳೂರಿನ ಹೋಟೆಲುಗಳಲ್ಲಿ ಕೆತ್ತನೆಯ ಕಂಬ ನೋಡಿ ಮನಸೋತವರೂ ಇದ್ದಾರೆ. ಹುಕ್ಕೇರಿ, ಸಂಕೇಶ್ವರ, ಗೋಕಾಕ, ಮೂಡಲಗಿಯಲ್ಲಿ ಇದಕ್ಕೆಂದೇ ಬೋರ್ಡು ಹಾಕಿದ ಅಂಗಡಿ ಹುಡುಕುವುದು ದಾರಿಯಲ್ಲ. ಯಾವ ಓಣಿಯಲ್ಲಿ ಯಾರ ಮನೆ ಕೆಡವುತ್ತಿದ್ದಾರೆ ಎಂಬ ಸುದ್ದಿ ಬೇಕು. ಅದು ಮೊದಲು ತಿಳಿಯುವುದು ಗೌಂಡಿಗೆ, ಆಮೇಲೆ ಬಡಿಗೇರನಿಗೆ, ಆಮೇಲೆ ಕಟಗಿ ಅಡ್ಡೆಯವನಿಗೆ, ಕೊನೆಗೆ ಗುಜರಿಯವನಿಗೆ. ಕೊನೆಯವನ ಕೈಗೆ ಬರುವಷ್ಟರಲ್ಲಿ ಕದದ ಹಿತ್ತಾಳೆ ಚಿಲಕ ತೂಕಕ್ಕೆ ಹೋಗಿರುತ್ತದೆ, ತೊಲೆಯನ್ನು ಗರಗಸಕ್ಕೆ ಅನುಕೂಲವಾಗುವಂತೆ ಮೂರು ತುಂಡು ಮಾಡಿರುತ್ತಾರೆ.

ಈ ಕಡೆಯ ಹಳೆಯ ಮನೆ ಎಂದರೆ ಮಾಳಿಗೆ ಮನೆ. ಅಡಿಪಾಯಕ್ಕೆ ಎರೆಮಣ್ಣು ದಾಟಿ ಗರಸು ಸಿಗುವ ತನಕ ಅಗೆಯಬೇಕು. ಹುಕ್ಕೇರಿ ಕಡೆ ಕರಿಕಲ್ಲು, ಗೋಕಾಕದ ಕಡೆ ಜಲಪಾತದ ಬಂಡೆಯ ಜಾತಿಯ ಗಡಸು ಮರಳುಗಲ್ಲು. ಮೇಲೆ ಎರಡು ಮೊಳದ ಮಣ್ಣಿನ ಗೋಡೆ. ಒಳಗೆ ಕಂಬ, ಕಂಬದ ತಲೆಯ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಚಿಕ್ಕ ಹಲಗೆ ಇಲ್ಲವೆ ಕಟ್ಟಿಗೆ, ಅದರ ಮೇಲೆ ಮಣ್ಣು. ಮಲೆನಾಡಿನ ಅಂಚಿಗೆ ಹತ್ತಿರವಾದಂತೆ ಹಂಚಿನ ಮನೆ, ಹಂಚು ಖಾನಾಪುರದ್ದು. ಮನೆಯ ದೊಡ್ಡತನವನ್ನು ಚದರಡಿಯಲ್ಲಿ ಹೇಳುತ್ತಿರಲಿಲ್ಲ. ಕಂಬ ಕಂಬಗಳ ನಡುವಿನ ಜಾಗ ಒಂದು ಖಣ, ಅಂಕಣ. ಐದು ಖಣದ ಮನಿ, ಒಂಬತ್ತು ಖಣದ ಮನಿ. ಎಂದರೆ ಮನೆಯ ಲೆಕ್ಕವೇ ಮರದ ಲೆಕ್ಕವಾಗಿತ್ತು. ಅಣ್ಣತಮ್ಮಂದಿರು ಬೇರೆಯಾಗುವಾಗ ಖಣಗಳನ್ನು ಹಂಚಿಕೊಂಡರು. ಕೆಲವೊಮ್ಮೆ ಜಾಗ ಒಬ್ಬನಿಗೆ, ತೊಲೆ ಕದ ಇನ್ನೊಬ್ಬನಿಗೆ.

2019ರ ಆಗಸ್ಟ್ ಮೊದಲ ವಾರ ಘಟಪ್ರಭೆ, ಮಾರ್ಕಂಡೇಯ, ಹಿರಣ್ಯಕೇಶಿ ಮೂರೂ ಏಕಕಾಲಕ್ಕೆ ತುಂಬಿ ಬಂದವು. ಗೋಕಾಕದ ಓಣಿಗಳಿಗೆ ನೀರು ನುಗ್ಗಿತು, ಲೋಳಸೂರ ಸೇತುವೆ ಮುಳುಗಿತು, ಸಂಕೇಶ್ವರದಲ್ಲಿ ಹಿರಣ್ಯಕೇಶಿ ದಂಡೆ ಮೀರಿದಳು, ಮೂಡಲಗಿ ತಾಲ್ಲೂಕಿನ ಹೊಳೆಸಾಲಿನ ಊರುಗಳು ನೀರಲ್ಲಿ ನಿಂತವು. 2021ರ ಜುಲೈಯಲ್ಲಿ ಮತ್ತೊಮ್ಮೆ. ಮಣ್ಣಿನ ಗೋಡೆ ಮಳೆಯನ್ನು ತಡೆಯುತ್ತದೆ, ದಿನಗಟ್ಟಲೆ ನಿಂತ ನೀರನ್ನು ತಡೆಯುವುದಿಲ್ಲ. ಬುಡ ನೆನೆದು ಗೋಡೆ ಕುಸಿಯಿತು. ಎಷ್ಟೋ ಕಡೆ ಗೋಡೆ ಬಿದ್ದ ಮೇಲೂ ಕಂಬ ತೊಲೆಗಳ ಪಂಜರ ಹಾಗೆಯೇ ನಿಂತಿತ್ತು. ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು. ಹೊಸ ಮನೆ ಕಟ್ಟಲು ಆ ಹಣ, ಅದೂ ಕಂತುಕಂತಾಗಿ, ಪಾಯ ತೋರಿಸಿದರೆ ಇಷ್ಟು, ಗೋಡೆ ತೋರಿಸಿದರೆ ಇಷ್ಟು ಎಂದು. ಹಳೆ ಮನೆಯ ಕಟ್ಟಿಗೆ ಎಲ್ಲಿಡುವುದು ಎಂಬುದಕ್ಕೆ ಆ ಲೆಕ್ಕದಲ್ಲಿ ಜಾಗವಿರಲಿಲ್ಲ. ಸಂತ್ರಸ್ತರ ಕೇಂದ್ರದಲ್ಲಿ, ಶಾಲೆಯ ಕೋಣೆಯಲ್ಲಿ, ತಗಡಿನ ಶೆಡ್ಡಿನಲ್ಲಿ ಮಲಗುವವರು ಹನ್ನೆರಡು ಅಡಿಯ ತೊಲೆಯನ್ನು ಎಲ್ಲಿಡಬೇಕು? ಬಂದವರು ಕೇಳಿದ ದರಕ್ಕೆ ಕೊಟ್ಟರು.

ಇಲ್ಲಿಗೆ ಬಂದಾಗ ಹಳೆ ಕಟ್ಟಿಗೆಯ ಮಾತು ಕೇವಲ ಪರಿಸರದ ಮಾತಾಗಿ ಉಳಿಯುವುದಿಲ್ಲ. ಹಳೆಯದನ್ನು ಕೊಂಡವನು ಕಾಡಿನಲ್ಲಿ ಒಂದು ಮರ ಉಳಿಸಿದ, ನಿಜ. ಒಣಗಿದ ಮರದ ತೂಕದಲ್ಲಿ ಹತ್ತಿರಹತ್ತಿರ ಅರ್ಧಪಾಲು ಇಂಗಾಲ. ಆ ಮರ ಬೆಳೆಯುತ್ತ ಗಾಳಿಯಿಂದ ಹೀರಿಕೊಂಡದ್ದು ತೊಲೆಯಾಗಿ ಮನೆಯ ನೆತ್ತಿಯ ಮೇಲೆ ನೂರು ವರ್ಷ ಕೂತಿದೆ. ಅದನ್ನು ಒಲೆಗೆ ಹಾಕಿದ ದಿನ ಅಷ್ಟೂ ಗಾಳಿಗೆ ಮರಳುತ್ತದೆ, ಇನ್ನೊಂದು ಮನೆಗೆ ಏರಿಸಿದರೆ ಇನ್ನೂ ನೂರು ವರ್ಷ ಕೂರುತ್ತದೆ. ಈ ಲೆಕ್ಕ ಸರಿ. ಆದರೆ ಅದೇ ತೊಲೆ ಯಾವನೋ ಒಬ್ಬ ಮಳೆಯಲ್ಲಿ ನಿಂತು ಬೇರೆ ದಾರಿಯಿಲ್ಲದೆ ಕೊಟ್ಟದ್ದಾಗಿದ್ದರೆ? ಕಾಡಿಗೆ ಒಳ್ಳೆಯದಾದದ್ದು ಆ ಮನೆಯವನಿಗೆ ಒಳ್ಳೆಯದಾಯಿತೇ?

ಈ ಪ್ರಶ್ನೆಯನ್ನು ನನಗಿಂತ ಮೊದಲೇ, ಬೇರೊಂದು ಕಾರಣಕ್ಕೆ, ನಮ್ಮ ಊರುಗಳು ಕೇಳುತ್ತ ಬಂದಿವೆ. ಹಳೆ ಮನೆಯ ಕಟ್ಟಿಗೆ ಹೊಸ ಮನೆಗೆ ಬೇಡ ಎನ್ನುವ ನಂಬಿಕೆ ಗಟ್ಟಿಯಾಗಿದೆ. ವಾಸ್ತು ಹೇಳುವವರು ಬೇಡವೆನ್ನುತ್ತಾರೆ. ಮನೆಯ ಹಿರಿಯ ಹೆಣ್ಣುಮಕ್ಕಳು ಅವರಿಗಿಂತ ಖಚಿತವಾಗಿ ಹೇಳುತ್ತಾರೆ. ಸತ್ತ ಮನೆಯದು ಬೇಡ, ಸಾಲಕ್ಕೆ ಹೋದ ಮನೆಯದು ಬೇಡ, ಅಣ್ಣತಮ್ಮಂದಿರು ಬಡಿದಾಡಿದ ಮನೆಯದಂತೂ ಬೇಡವೇ ಬೇಡ. ಬಡವರಿಗೆ ಈ ನಂಬಿಕೆಯನ್ನು ಪೂರ್ತಿ ಪಾಲಿಸುವುದು ಎಂದೂ ಸಾಧ್ಯವಾಗಿಲ್ಲ. ಅವರು ಹೊಸ್ತಿಲಿಗೆ, ಚೌಕಟ್ಟಿಗೆ ಹೊಸ ಮರ ಹಾಕಿ, ಮೇಲಿನ ಜಂತಿಗೆ ಹಳೆಯದನ್ನು ಬಳಸಿ, ಪೂಜೆ ಮಾಡಿಸಿ ಒಂದು ಹೊಂದಾಣಿಕೆ ಮಾಡಿಕೊಂಡರು. ಆದರೆ ಅಡ್ಡೆಯಲ್ಲಿ ಕಟ್ಟಿಗೆ ಮುಟ್ಟುವ ಮೊದಲು ಎಲ್ಲರೂ ಕೇಳುವ ಮಾತು ಒಂದೇ. ಹುಕ್ಕೇರಿ ಕಡೆಯ ಹಿರಿಯ ಬಡಿಗೇರರೊಬ್ಬರು ನನಗೂ ಅದನ್ನೇ ಹೇಳಿದರು: “ದರಾ ಆಮ್ಯಾಲ ಮಾತಾಡೂಣು. ಮೊದಲ ಯಾರ ಮನೀದು ಅಂತ ಕೇಳ್ರಿ.”

ಮರದಲ್ಲಿ ಶಾಪ ಕೂರುತ್ತದೆ ಎಂದು ನಾನು ನಂಬುವುದಿಲ್ಲ. ಸಾಗವಾನಿಗೆ ಯಾರ ಸಾಲವೂ ಗೊತ್ತಿಲ್ಲ. ಆದರೂ ಆ ಪ್ರಶ್ನೆಯನ್ನು ಬಿಡಲು ನನಗೆ ಮನಸ್ಸಿಲ್ಲ. ಕಾರಣ ತಪ್ಪಿದ್ದರೂ ಪ್ರಶ್ನೆ ಸರಿಯಾಗಿದೆ. ಹೊಸ ಪ್ಲೈವುಡ್ಡು ಕೊಳ್ಳುವಾಗ ಯಾರೂ ಹೀಗೆ ಕೇಳುವುದಿಲ್ಲ. ಅಂಗಡಿಯ ವಸ್ತುವಿಗೆ ಹಿಂದಿಲ್ಲ, ಬಿಲ್ಲಿನ ದಿನವೇ ಅದರ ಹುಟ್ಟಿದ ದಿನ. ಹಳೆ ತೊಲೆಯ ಎದುರು ನಿಂತಾಗ ಮಾತ್ರ ಇದು ಒಬ್ಬರದಾಗಿತ್ತು ಎಂಬ ಎಚ್ಚರ ಬರುತ್ತದೆ. ಅವರು ಕೊಟ್ಟರೋ, ಕೊಡಬೇಕಾಯಿತೋ? ಕೊಟ್ಟದ್ದಕ್ಕೆ ತಕ್ಕ ಬೆಲೆ ಸಿಕ್ಕಿತೋ? ಮೂಢನಂಬಿಕೆ ಎಂದು ನಾವು ತಳ್ಳಿಹಾಕುವ ಈ ಭಯದ ಒಳಗೆ ಇನ್ನೊಬ್ಬರ ಕೇಡಿನ ಮೇಲೆ ನನ್ನ ಮಾಳಿಗೆ ನಿಲ್ಲಬಾರದು ಎಂಬ ಒಂದು ಮರ್ಯಾದೆ ಅಡಗಿದೆ. ಭಯ ಹೋಗಲಿ, ಮರ್ಯಾದೆ ಉಳಿಯಲಿ. ನೆರೆ ಬಂದ ಊರಿನ ಕಟ್ಟಿಗೆ ಕೊಳ್ಳುವವರು ದಲ್ಲಾಳಿಯನ್ನು ಬಿಟ್ಟು ಮನೆಯವರನ್ನೇ ಕಂಡು ಮಾತಾಡಬೇಕು, ಹೊಸ ಕಟ್ಟಿಗೆಯ ದರ ಎಷ್ಟೆಂದು ಅವರಿಗೆ ತಿಳಿಸಿಯೇ ಚೌಕಾಸಿಗೆ ಕೂರಬೇಕು. ಅವರು ಕದವೊಂದನ್ನು ಮಾತ್ರ ಕೊಡುವುದಿಲ್ಲ ಎಂದರೆ ಒತ್ತಾಯ ಮಾಡಬಾರದು.

ಕಟ್ಟಿಗೆ ನೋಡುವುದೇ ಒಂದು ವಿದ್ಯೆ. ಆ ಬಡಿಗೇರರು ಮೊದಲು ಬೆರಳ ಗೆಣ್ಣಿನಿಂದ ತಟ್ಟುತ್ತಾರೆ. ಗಟ್ಟಿ ಸದ್ದು ಬಂದರೆ ಒಳಗೆ ತಿರುಳಿದೆ, ಡೊಳ್ಳು ಸದ್ದು ಬಂದರೆ ಗೆದ್ದಲು ಒಳಗೆ ಸಂಸಾರ ಹೂಡಿದೆ. ಆಮೇಲೆ ತುದಿಗಳನ್ನು ನೋಡುತ್ತಾರೆ. ತೊಲೆ ಕೊಳೆಯುವುದು ನಡುವಲ್ಲಲ್ಲ, ಗೋಡೆಯೊಳಗೆ ಹೂತ ತುದಿಯಲ್ಲಿ, ಏಕೆಂದರೆ ಅಲ್ಲಿ ಗಾಳಿಯಾಡುವುದಿಲ್ಲ, ತೇವ ನಿಲ್ಲುತ್ತದೆ. ಎರಡೂ ಕಡೆ ಒಂದೊಂದಡಿ ಕೊಯ್ದು ಬಿಸಾಕಿದರೆ ಉಳಿದದ್ದು ಬಂಗಾರ. ನೂರು ವರ್ಷ ನೆರಳಲ್ಲಿ ಒಣಗಿದ ಮರ ಇನ್ನು ಸೊಟ್ಟಗಾಗುವುದಿಲ್ಲ, ಬಿರಿಯುವುದಿಲ್ಲ. ಹೊಸ ಮರವನ್ನು ಎಷ್ಟು ಒಣಗಿಸಿದರೂ ಎರಡು ಮಳೆಗಾಲ ಕಳೆಯುವ ತನಕ ಕದ ಹೊಸ್ತಿಲಿಗೆ ಜಗಳವೇ. “ಇದು ಕರ್ರಗಾಗೇತಿ ಅಂತ ತಿಳೀಬ್ಯಾಡ್ರಿ. ಮ್ಯಾಲಿಂದು ಬರೇ ಹೊಗಿ. ಒಂದ ಸಲಾ ಉಜ್ಜಗೊರಡಾ ಹೊಡದ್ರ ನಿನ್ನೆ ಕೊಯ್ದಂಗ ಬರ್ತೇತಿ” ಎಂದು ಅವರು ಒಂದು ಮೂಲೆಯಲ್ಲಿ ಗೊರಡು ಆಡಿಸಿ ತೋರಿಸಿದರು. ನಿಜಕ್ಕೂ ಜೇನುಬಣ್ಣದ ಎಳೆಗಳು ಎದ್ದವು, ಎಣ್ಣೆಯ ವಾಸನೆ ಬಂತು. ಒಂದು ಕಾಲಕ್ಕೆ ಅಡುಗೆಮನೆಯ ಹೊಗೆಯೇ ಆ ಮರವನ್ನು ಹುಳುವಿನಿಂದ ಕಾದಿತ್ತು.

ಮರವು ಮನೆಯಿಂದ ಮನೆಗೆ ಹೋಗುವಾಗ ಮೇಲಿನಿಂದ ಕೆಳಗೆ ಇಳಿಯುತ್ತ ಬರುತ್ತದೆ. ತೊಲೆಯಾಗಿದ್ದುದು ಉದ್ದ ಕಳೆದುಕೊಂಡು ಚೌಕಟ್ಟಾಗುತ್ತದೆ, ಚೌಕಟ್ಟು ಕಿಟಕಿಯಾಗುತ್ತದೆ, ಕಿಟಕಿ ಗೂಡಿನ ಹಲಗೆಯಾಗುತ್ತದೆ, ಹಲಗೆ ಮಣೆಯಾಗುತ್ತದೆ, ಮಣೆ ಕೊನೆಗೆ ಒಲೆಗೆ. ಈ ಇಳಿತದಲ್ಲಿ ಅವಸರ ಮಾಡದಿರುವುದೇ ಬಡಿಗೇರನ ಧರ್ಮ. ತೊಲೆಯಾಗಿ ಇನ್ನೂ ನಿಲ್ಲಬಲ್ಲದ್ದನ್ನು ಕೊಯ್ದು ಟೀಪಾಯಿ ಮಾಡುವವನ ಮೇಲೆ ಅವರಿಗೆ ಸಿಟ್ಟು. ನನಗೂ.

ಆದರೆ ಹಳೆಯದೆಲ್ಲ ತರತಕ್ಕದ್ದಲ್ಲ. ಹಳೆ ಕದಗಳ ಮೇಲೆ ಪದರಪದರವಾಗಿ ಬಳಿದ ಎಣ್ಣೆಬಣ್ಣದಲ್ಲಿ ಸೀಸ ಇರುವ ಸಂಭವ ಹೆಚ್ಚು. ಮನೆಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಪಾಲು ಮೀರಬಾರದು ಎಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಅಂಥ ಕದವನ್ನು ಒಣಗಿದ್ದಾಗಲೇ ಮರಳುಕಾಗದದಿಂದ ತಿಕ್ಕಿದರೆ ಏಳುವ ಧೂಳು ಅಂಗಳದಲ್ಲಿ ಆಡುವ ಮಕ್ಕಳ ಮೈಗೆ ಸೇರುತ್ತದೆ, ಮಿದುಳಿಗೆ ಕೇಡು. ನೀರು ಹಾಕಿ ನೆನೆಸಿ ಕೆರೆಯಬೇಕು, ಕೆರೆದದ್ದನ್ನು ಒಟ್ಟುಮಾಡಿ ಕಟ್ಟಿಡಬೇಕು, ಮಕ್ಕಳನ್ನು ಬಸುರಿಯರನ್ನು ದೂರವಿಡಬೇಕು. ಹಳೆ ಕಲ್ನಾರು ಶೀಟುಗಳನ್ನಂತೂ ಪುಕ್ಕಟೆ ಕೊಟ್ಟರೂ ಮುಟ್ಟಬಾರದು. ಕೊಯ್ದಾಗ, ತೂತು ಹೊಡೆದಾಗ ಹಾರುವ ಕಲ್ನಾರಿನ ಎಳೆ ಶ್ವಾಸಕೋಶದಲ್ಲಿ ಕೂತು ದಶಕಗಳ ಮೇಲೆ ಪ್ರಾಣ ಕೇಳುತ್ತದೆ. ಡೊಂಕಾದ ಹಳೆ ಕಬ್ಬಿಣದ ಸರಳನ್ನು ಬಡಿದು ನೆಟ್ಟಗೆ ಮಾಡಿ ಸ್ಲ್ಯಾಬಿಗೆ ಹಾಕುವುದೂ ಬೇಡ. ಇವನ್ನೆಲ್ಲ ಉಳಿಸುವುದು ಉಳಿತಾಯವಲ್ಲ.

ಉಡುಪಿಯ ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕಟ್ಟಿದ ಹಸ್ತಶಿಲ್ಪ ಗ್ರಾಮವಿದೆ. ಕೆಡವಲಿದ್ದ ಮನೆಗಳನ್ನು ತುಂಡುತುಂಡಾಗಿ ಬಿಚ್ಚಿ ತಂದು ಅಲ್ಲಿ ಮತ್ತೆ ನಿಲ್ಲಿಸಿದ್ದಾರೆ. ನಮ್ಮ ಮೂಡಲಗಿಯ ನೆರೆಯಲ್ಲೇ ಇರುವ ಮುಧೋಳದ ಅರಮನೆಯ ದರ್ಬಾರ್ ಹಾಲ್ ಕೂಡ ಅಲ್ಲಿಗೆ ಹೋಗಿ ನಿಂತಿದೆ. ಘಟಪ್ರಭೆಯ ದಂಡೆಯ ಒಂದು ಕಟ್ಟಡ ಕಡಲ ಊರಿನ ಮಳೆಯಲ್ಲಿ. ಶೆಣೈ 2017ರಲ್ಲಿ ತೀರಿಕೊಂಡರು. ಅವರು ಮಾಡದಿದ್ದರೆ ಅದೆಲ್ಲ ಸೌದೆಯಾಗುತ್ತಿತ್ತು, ಈ ಋಣ ದೊಡ್ಡದು. ಅಲ್ಲಿಯ ಕಂಬಗಳನ್ನು ಕುರಿತು ಯೋಚಿಸುವಾಗ ನನಗೆ ಎದ್ದು ಕಾಣುವ ಸಂಗತಿ ಬೇರೆ. ದರ್ಬಾರನ್ನೇ ಬಿಚ್ಚಿ, ನೂರಾರು ಮೈಲಿ ಹೊತ್ತು, ತಿರುಗಿ ಜೋಡಿಸಲು ಸಾಧ್ಯವಾಯಿತು. ಹೇಗೆ? ಕಟ್ಟಿದವರು ಬಿಚ್ಚಲು ಬರುವಂತೆ ಕಟ್ಟಿದ್ದರು.

ನನ್ನ ಚಿಂತೆ ಬಂದು ನಿಲ್ಲುವುದು ಇಲ್ಲಿ. ಹಳೆ ಸಾಮಾನು ಇಂದು ನಮಗೆ ಸಿಗುತ್ತಿರುವುದು ಅದು ಹಳೆಯದೆಂಬ ಕಾರಣಕ್ಕಲ್ಲ. ನೂರು ವರ್ಷದ ಹಿಂದಿನ ಗೌಂಡಿ ಕಲ್ಲನ್ನು ಮಣ್ಣಿನಲ್ಲಿ, ಹೆಚ್ಚೆಂದರೆ ಗಚ್ಚಿನಲ್ಲಿ ಕೂಡಿಸಿದ. ಬಡಿಗೇರ ಹಲ್ಲು ಕಚ್ಚಿಸಿ, ಮರದ ಗೂಟ ಹೊಡೆದು ಕಂಬಕ್ಕೆ ತೊಲೆ ಸೇರಿಸಿದ. ಗೂಟ ತೆಗೆದರೆ ತೊಲೆ ಬರುತ್ತದೆ, ಹಾರೆ ಹಾಕಿದರೆ ಕಲ್ಲು ಬರುತ್ತದೆ, ಕಲ್ಲಿಗೆ ಮಣ್ಣು ಮೆತ್ತಿದ್ದರೆ ಕೈಯಿಂದ ಒರೆಸಿದರೆ ಆಯಿತು. ಮನೆಯ ಗೋಡೆ ಗಟ್ಟಿಯಾಗಿದ್ದರೂ ಸಂದು ಮೃದುವಾಗಿತ್ತು. ಸಿಮೆಂಟಿನ ಗಾರೆಯಲ್ಲಿ ಇದು ತಿರುವುಮುರುವು. ಕಾಂಕ್ರೀಟಿನ ಮನೆ ಕೆಡವುವಾಗ ನೋಡಿ, ಇಟ್ಟಿಗೆ ಒಡೆಯುತ್ತದೆ, ಸಂದು ಬಿಡುವುದಿಲ್ಲ. ಚೌಕಟ್ಟನ್ನು ಹೊರತೆಗೆಯಲು ಹೋದರೆ ಗೋಡೆಯ ಅರ್ಧ ಅದರ ಜೊತೆ ಬರುತ್ತದೆ. ಕೊನೆಗೆ ಸಿಗುವುದು ಸರಳಿನ ತೂಕ ಮತ್ತು ಗುಂಡಿ ತುಂಬಲು ರಬ್ಬಲ್ಲು.

ಸಿಮೆಂಟ್ ನಮಗೆ ಮಾಡಿದ ಉಪಕಾರ ಸಣ್ಣದಲ್ಲ, ನೆರೆಯ ನೀರು ಕಂಡವರ ಎದುರು ಮಣ್ಣಿನ ಗೋಡೆಯನ್ನು ಹಾಡಿಹೊಗಳುವ ಮನಸ್ಸು ನನಗಿಲ್ಲ. ಹೊಳೆದಂಡೆಯ ಮನೆಗೆ ಕಲ್ಲು ಸಿಮೆಂಟಿನ ಪಾಯ ಬೇಕೇ ಬೇಕು. ಆದರೆ ಜಗತ್ತು ಉಗುಳುವ ಇಂಗಾಲದ ಡೈಆಕ್ಸೈಡಿನಲ್ಲಿ ನೂರಕ್ಕೆ 7ರಿಂದ 8 ಪಾಲು ಸಿಮೆಂಟಿನದು. ಮುಧೋಳ, ಲೋಕಾಪುರದ ಕಡೆ ನೆಲದಡಿ ಇರುವ ಸುಣ್ಣಗಲ್ಲು ಗೂಡಿನಲ್ಲಿ ಸುಮಾರು 1450 ಡಿಗ್ರಿ ಕಾವಿನಲ್ಲಿ ಬೆಂದು ಸಿಮೆಂಟಾಗುವಾಗ ಉರುವಲಿನ ಹೊಗೆಯಷ್ಟೇ ಅಲ್ಲ, ಕಲ್ಲೇ ತನ್ನೊಳಗಿನ ಅನಿಲವನ್ನು ಬಿಡುತ್ತದೆ. ಸಿಮೆಂಟಿನ ಡೈಆಕ್ಸೈಡಿನ ಅರ್ಧಕ್ಕೂ ಹೆಚ್ಚು ಪಾಲು ಹಾಗೆ ಕಲ್ಲಿನಿಂದಲೇ ಬರುವುದು. ಗಚ್ಚಿನ ಸುಣ್ಣವೂ ಬೇಯುವಾಗ ಅದೇ ಅನಿಲ ಬಿಡುತ್ತದೆ, ಆದರೆ ಅದಕ್ಕೆ ಸುಮಾರು 900 ಡಿಗ್ರಿ ಸಾಕು. ಗೋಡೆಯಲ್ಲಿ ಕೂತ ಮೇಲೆ ಗಾಳಿಯಿಂದ ಅದರ ಬಹುಪಾಲನ್ನು ನಿಧಾನವಾಗಿ ಹಿಂದಕ್ಕೆ ಪಡೆದು ಮತ್ತೆ ಕಲ್ಲಾಗುತ್ತ ಹೋಗುತ್ತದೆ. ಹುಕ್ಕೇರಿಯ ಆದಿಲ್‌ಶಾಹಿ ಕಾಲದ ಗುಮ್ಮಟಗಳು ಗಚ್ಚಿನ ಮೇಲೆಯೇ ಇಷ್ಟು ಶತಮಾನ ನಿಂತಿವೆ. ಗಾಣದಲ್ಲಿ ಸುಣ್ಣ ಅರೆದು, ಬೆಲ್ಲದ ನೀರು ಹಾಕಿ ಗಚ್ಚು ಮಾಡುತ್ತಿದ್ದರಲ್ಲ, ಆ ಬೆಲ್ಲಕ್ಕೆ ನಮ್ಮ ಸೀಮೆಯಲ್ಲಿ ಇಂದಿಗೂ ಬರವಿಲ್ಲ. ಬರ ಇರುವುದು ಅರೆಯುವ ತಾಳ್ಮೆಗೆ, ಹದ ತಿಳಿದ ಕೈಗೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ಹುಟ್ಟುಹಾಕಿದ ‘ಅಸ್ತ್ರ’ ಕೇಂದ್ರದಲ್ಲಿ ಕೆ.ಎಸ್. ಜಗದೀಶ್ ಮೊದಲಾದವರು ಮಣ್ಣಿಗೆ ನೂರಕ್ಕೆ 5ರಿಂದ 8 ಪಾಲಿನಷ್ಟು ಸಿಮೆಂಟ್ ಬೆರೆಸಿ, ಯಂತ್ರದಲ್ಲಿ ಒತ್ತಿ, ಸುಡದೆ ಇಟ್ಟಿಗೆ ಮಾಡುವ ಬಗೆಯನ್ನು ಬಹಳ ಕಾಲ ಅಭ್ಯಾಸ ಮಾಡಿದರು. ನಮ್ಮ ಎರೆಮಣ್ಣು ಇದಕ್ಕೆ ಒಗ್ಗುವುದಿಲ್ಲ, ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಆದರೆ ಕೆಮ್ಮಣ್ಣು, ಮರಳು ಹೆಚ್ಚಿರುವ ಮಣ್ಣು ನಡೆಯುತ್ತದೆ. ಬಿದ್ದ ಗೋಡೆಯ ಮಣ್ಣನ್ನೇ ಸೋಸಿ, ಹೊಟ್ಟು ಸಗಣಿಯ ಅಂಶ ತೆಗೆದು, ಮರಳು ಬೆರೆಸಿ, ಪರೀಕ್ಷೆಗೆ ಕೆಲವು ಒತ್ತಿ ನೋಡಬಹುದು. ಹಳೆ ಗೋಡೆಯ ಮಣ್ಣಿಗೆ ಇನ್ನೊಬ್ಬ ಹಕ್ಕುದಾರ ಇದ್ದಾನೆ ಎಂಬುದನ್ನೂ ಮರೆಯಬಾರದು, ಅದು ಹೊಲ. ಮನೆ ಬಿದ್ದಾಗ ರೈತರು ಆ ಮಣ್ಣನ್ನು ಟ್ರ್ಯಾಕ್ಟರಿನಲ್ಲಿ ಹೇರಿ ಹೊಲಕ್ಕೆ ಹಾಕುವುದು ಹಳೆಯ ಪದ್ಧತಿ. ದನ ಮನುಷ್ಯರು ತಲೆಮಾರುಗಟ್ಟಲೆ ಬಾಳಿದ ಗೋಡೆಯಲ್ಲಿ ಉಪ್ಪು ಸಾರ ಸೇರಿಕೊಂಡಿರುತ್ತದೆ, ಬೆಳೆಗೆ ಒಳ್ಳೆಯ ಗೊಬ್ಬರ. ಮನೆಯೊಂದು ಹೀಗೆ ಜೋಳವಾಗಿ ತಿರುಗಿ ತಾಟಿಗೆ ಬರುವ ಕಡೆ ‘ತ್ಯಾಜ್ಯ’ ಎಂಬ ಮಾತಿಗೆ ಕೆಲಸವಿರಲಿಲ್ಲ. ಕೇಂದ್ರ ಸರ್ಕಾರ 2016ರಲ್ಲಿ ಕಟ್ಟಡ ತ್ಯಾಜ್ಯಕ್ಕೆಂದೇ ಪ್ರತ್ಯೇಕ ನಿಯಮ ಮಾಡಬೇಕಾಯಿತು. ಆ ನಿಯಮ ಕಾಂಕ್ರೀಟಿನ ಕಾಲದ ಅನಿವಾರ್ಯ.

ಒಂದು ಮನೆ ಎಷ್ಟು ಕಾಲ ನಿಲ್ಲುತ್ತದೆ ಎಂದು ನಾವು ಹೆಮ್ಮೆಯಿಂದ ಕೇಳುತ್ತೇವೆ. ಅದು ಬಿದ್ದ ಮೇಲೆ ಏನಾಗುತ್ತದೆ ಎಂದು ಕಟ್ಟುವ ದಿನ ಕೇಳುವುದು ಅಪಶಕುನ ಎನ್ನಿಸುತ್ತದೆ. ಆದರೆ ಹಿಂದಿನವರು ಬಾಯಿಬಿಟ್ಟು ಹೇಳದೆ ಅದಕ್ಕೆ ಉತ್ತರ ಕೊಟ್ಟೇ ಕಟ್ಟಿದರು. ಅವರಿಗೆ ಮರ ದುಬಾರಿಯಾಗಿತ್ತು, ಖಾನಾಪುರ ದಾಂಡೇಲಿಯ ಕಾಡಿನಿಂದ ಚಕ್ಕಡಿಯ ಮೇಲೆ ಬರಬೇಕಿತ್ತು, ಮಗ ಮೊಮ್ಮಗ ಅದನ್ನು ಬಿಚ್ಚಿ ತನ್ನ ಮನೆಗೆ ಏರಿಸಿಕೊಳ್ಳಲಿ ಎಂಬ ಎಣಿಕೆ ಇತ್ತು. ಬಡತನದಿಂದ ಬಂದ ಬುದ್ಧಿ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುತ್ತೇನೆ. ಬಡತನದಿಂದ ಬಂದುದು ಎಂಬ ಕಾರಣಕ್ಕೆ ಬುದ್ಧಿ ಕಡಿಮೆಯಾಗುವುದಿಲ್ಲ. ನನ್ನದು ಎಂದು ಕಟ್ಟಿದ ಮನೆಯ ತೊಲೆಯನ್ನು ಪೂರ್ತಿ ನನ್ನದೆಂದು ಅವರು ಬಗೆದಿರಲಿಲ್ಲ. ಅದು ಮುಂದೆ ಹೋಗಬೇಕಾದದ್ದು, ಸದ್ಯಕ್ಕೆ ನನ್ನ ನೆತ್ತಿಯ ಮೇಲಿದೆ.

ಹಾಗಾದರೆ ಹಳೆ ಕಂಬ ಕೊಂಡು ತಂದು ಅದನ್ನು ಸಿಮೆಂಟಿನಲ್ಲಿ ಹೂತು, ಮೇಲೆ ಪಾಲಿಶ್ ಹೊಡೆದು ಪಡಸಾಲೆಯಲ್ಲಿ ನಿಲ್ಲಿಸಿದವನು ಏನು ಮಾಡಿದ ಹಾಗಾಯಿತು? ನಾಲ್ಕು ಮನೆ ಕಂಡ ಮರದ ಪಯಣವನ್ನು ಐದನೆಯ ಮನೆಯಲ್ಲಿ ನಿಲ್ಲಿಸಿದ. ಹಳೆಯದನ್ನು ಬಳಸಿದ ಪುಣ್ಯ ಅಲ್ಲಿಗೇ ಮುಗಿಯಿತು. ಇದನ್ನು ತಪ್ಪಿಸುವುದು ಕಷ್ಟವಲ್ಲ. ಕಂಬದ ಬುಡವನ್ನು ನೆಲದೊಳಗೆ ಹೂಳದೆ ಹಿಂದಿನಂತೆ ಕೂರುಗಲ್ಲಿನ ಮೇಲೆ ನಿಲ್ಲಿಸಬಹುದು, ಗೆದ್ದಲೂ ತೇವವೂ ಏರುವುದಿಲ್ಲ, ಮುಂದೆ ಎತ್ತಿಕೊಳ್ಳುವವನಿಗೂ ಸಲೀಸು. ಚೌಕಟ್ಟನ್ನು ಗೋಡೆಗೆ ಬೋಲ್ಟಿನಿಂದ ಬಿಗಿಯಬಹುದು. ಪರಸಿಕಲ್ಲನ್ನು ಸುಣ್ಣ ಮರಳಿನ ಹಾಸಿನ ಮೇಲೆ ಕೂಡಿಸಿದರೆ ಐವತ್ತು ವರ್ಷದ ಮೇಲೆ ಎಬ್ಬಿಸಿ ಮಗ್ಗುಲು ಬದಲಿಸಿ ಹಾಕಬಹುದು, ಕೆಳಗಿನ ಮುಖ ಸವೆದಿರುವುದಿಲ್ಲ. ಒಡೆದ ಗೋಡೆಯ ಇಟ್ಟಿಗೆಯನ್ನು ಒಳಗೋಡೆಗೆ ಸುಣ್ಣದ ಗಾರೆಯಲ್ಲಿ ಕಟ್ಟಬಹುದು. ತಿರುವನಂತಪುರದಲ್ಲಿ ಲಾರಿ ಬೇಕರ್ ಹಳೆ ಮನೆಗಳ ಕದ ಕಿಟಕಿಗಳನ್ನು ತಂದು ಮನೆ ಕಟ್ಟುತ್ತ ಒಂದು ಇಡೀ ಪೀಳಿಗೆಯ ವಾಸ್ತುಶಿಲ್ಪಿಗಳಿಗೆ ದಾರಿ ತೋರಿದರು. ನಮ್ಮ ಗೌಂಡಿಗಳಿಗೆ ಆ ದಾರಿ ಹೊಸದಲ್ಲ, ಮರೆತದ್ದು ಮಾತ್ರ. ಹೀಗೆ ಮಾಡಿ ಎಂದರೆ ಅವರು ಒಂದು ಕ್ಷಣ ಸುಮ್ಮನಿದ್ದು ಕೇಳುತ್ತಾರೆ: “ಯಾಕ್ರಿ, ಮುಂದ ಬಿಚ್ಚಾವ್ರದೀರೇನು?” ನಾನು ಬಿಚ್ಚುವುದಿಲ್ಲ, ಯಾರೋ ಬಿಚ್ಚುತ್ತಾರೆ ಎಂದರೆ ಅವರಿಗೆ ಅರ್ಥವಾಗುತ್ತದೆ. ಹೊಳೆಯ ಸೀಮೆಯವರಲ್ಲವೇ.

ಇಷ್ಟನ್ನು ಮನೆಯವರು ಒಬ್ಬೊಬ್ಬರೇ ಮಾಡಿಕೊಳ್ಳಬಹುದು. ನೆರೆಯ ಕಾಲದ ಕಟ್ಟಿಗೆಯ ಮಾತು ಒಬ್ಬರಿಂದ ಆಗುವುದಲ್ಲ. ಪ್ರತಿ ಮಳೆಗಾಲ ಹಿಡಕಲ್‌ನಿಂದ ನೀರು ಬಿಡುವ ಸುದ್ದಿ ಬಂದಾಗ ದಂಡೆಯ ಊರುಗಳಲ್ಲಿ ಮಂದಿಯನ್ನೂ ದನಗಳನ್ನೂ ಎಲ್ಲಿಗೆ ಸಾಗಿಸುವುದು ಎಂಬ ಯೋಜನೆ ತಾಲ್ಲೂಕು ಕಚೇರಿಯಲ್ಲಿ ಸಿದ್ಧವಾಗುತ್ತದೆ. ಅದರ ಜೊತೆಗೆ ಇನ್ನೊಂದು ಸಾಲು ಸೇರಿಸಲು ಹೆಚ್ಚು ಹಣ ಬೇಡ. ಗೋಕಾಕದಲ್ಲಿ, ಸಂಕೇಶ್ವರದಲ್ಲಿ ಕೃಷಿ ಮಾರುಕಟ್ಟೆಯ ಪ್ರಾಂಗಣಗಳಿವೆ, ಸೂರಿರುವ ಕಟ್ಟೆಗಳಿವೆ. ಮನೆ ಬಿದ್ದವರ ತೊಲೆ, ಕಂಬ, ಕದಗಳಿಗೆ ಹೆಸರು ಬರೆದ ಚೀಟಿ ಕಟ್ಟಿ, ನೆಲದಿಂದ ಒಂದಡಿ ಮೇಲೆ, ನಡುನಡುವೆ ಪಟ್ಟಿ ಕೊಟ್ಟು ಗಾಳಿಯಾಡುವಂತೆ ಒಟ್ಟಿ, ದಸರೆಯ ತನಕ ಅಲ್ಲಿ ಇಡಲು ಬಿಡಬೇಕು. ನೆನೆದ ಮರ ಆಗಸ್ಟಿನಲ್ಲಿ ತೂಕಕ್ಕೆ ಹೋಗುತ್ತದೆ, ಅದೇ ಮರ ಅಕ್ಟೋಬರಿನಲ್ಲಿ ಒಣಗಿ ನಿಂತಿದ್ದರೆ ಘನ ಅಡಿಯ ಲೆಕ್ಕದಲ್ಲಿ ಮಾತಾಡುತ್ತದೆ. ಆಗ ಮಾರುವವನು ಮಾರಲಿ, ಏರಿಸುವವನು ತನ್ನ ಹೊಸ ಮನೆಗೇ ಏರಿಸಲಿ. ಕೊಳ್ಳಲು ಹೋದವರು “ಯಾರ ಮನೀದು?” ಎಂದು ಕೇಳಿದರೆ ಚೀಟಿಯಲ್ಲಿ ಹೆಸರಿರುತ್ತದೆ, ಹೆಸರಿನವರು ಅಲ್ಲೇ ಎದುರಿಗೆ ನಿಂತು ದರ ಹೇಳುತ್ತಾರೆ.